ಕನ್ನಡ ಮೀಡಿಯಂನಲ್ಲಿ ಓದಿದವಳು ಇಂಗ್ಲಿಷ್ ಟೀಚರ್ ಆಗಬಹುದಾ?

ಪ್ರಶ್ನೆ: ನಮ್ಮದು ಶನಿವಾರಸಂತೆ ಹತ್ತಿರದ ಹಳ್ಳಿ. ಎಸ್ಸೆಸ್ಸೆಲ್ಸಿವರೆಗೂ ಸರ್ಕಾರಿ ಕನ್ನಡ ಶಾಲೆಯಲ್ಲೇ ಓದಿದೆ. ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ತಗೊಂಡಿದ್ದೆ, 58% ಬಂದಿದೆ. ಹೈಸ್ಕೂಲು ಇಂಗ್ಲಿಷ್ ಟೀಚರ್ ಆಗಬೇಕು ಅಂತ ತುಂಬಾ ಆಸೆ. ಆದರೆ ಓದಿದರೆ ಅರ್ಥವಾಗುವ ಇಂಗ್ಲಿಷ್ ಮಾತಾಡುವಾಗ ಬರುವುದಿಲ್ಲ, ನಾಲಿಗೆ ತಡವರಿಸುತ್ತದೆ. ‘ಕೊಡಗಿನಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ, ಮಕ್ಕಳ ಮುಂದೆ ನಗೆಪಾಟಲಾಗ್ತೀಯ’ ಅಂತ ಚಿಕ್ಕಪ್ಪ ಹೇಳುತ್ತಾರೆ. ಅಪ್ಪನಿಗೆ ಇರುವುದು ಎರಡು ಎಕರೆ ಕಾಫಿ. ಇನ್ನೂ ಎರಡು ವರ್ಷ ಬಿ.ಎಡ್. ಓದಿಸಿ ಅಂತ ಕೇಳಲು ಸಂಕೋಚ. ಕುಶಾಲನಗರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಈಗಲೇ ಸಿಗುತ್ತದೆ. ಏನು ಮಾಡಲಿ? ಇನ್ನೊಂದು ಮಾತು: ಸಂದರ್ಶನದಲ್ಲಿ ಕನ್ನಡ ಮೀಡಿಯಂ ಅಂತ ಹೇಳಬೇಕಾ, ಹೇಳದೆ ಇರುವುದು ಒಳ್ಳೆಯದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಭಾಷೆಯ ಭಯ ಒಂದು, ದುಡ್ಡಿನ ಭಯ ಇನ್ನೊಂದು. ನೀವು ಜಾಸ್ತಿ ಹೆದರಿರುವುದು ಭಾಷೆಗೆ. ದುಡ್ಡಿನ ವಿಷಯ ಸಂಕೋಚದಿಂದ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಮೂವತ್ತು ವರ್ಷದ ಹತ್ತಿರ ಈ ಜಿಲ್ಲೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಮಾಡಿ, ಆಮೇಲೆ ಹೊಸ ಶಿಕ್ಷಕರಿಗೆ ತರಬೇತಿ ಕೊಟ್ಟವಳಾಗಿ ಹೇಳುತ್ತೇನೆ: ನಿಮ್ಮ ಲೆಕ್ಕ ತಿರುವುಮುರುವಾಗಿದೆ. ಭಾಷೆಗೆ ದಾರಿಯಿದೆ. ಕೂತು ಯೋಚಿಸಬೇಕಾದದ್ದು ಬಿ.ಎಡ್. ಮುಗಿದ ಮೇಲಿನ ನಾಲ್ಕೈದು ವರ್ಷದ ಬಗ್ಗೆ.

ಮೊದಲು ಚಿಕ್ಕಪ್ಪನ ಮಾತು. ಅದು ಸುಳ್ಳು ಅಂತ ಪೂರ್ತಿ ತಳ್ಳಿಹಾಕುವ ಹಾಗಿಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. ಅವರ ಹಿಂದೆಯೇ ಕಾಫಿ ತೋಟದ ದೊರೆಗಳು ಬಂದರು, ಮಿಷನ್ ಶಾಲೆಗಳು ಬಂದವು. ಆಮೇಲೆ ಸೈನ್ಯ ಸೇರಿದ ಮನೆಗಳಲ್ಲೂ ಇಂಗ್ಲಿಷ್ ಬೇರೂರಿತು. ಮಡಿಕೇರಿ ಪೇಟೆಯಲ್ಲಿ, ದೊಡ್ಡ ತೋಟದ ಮನೆಗಳಲ್ಲಿ ಅಜ್ಜಿಯಂದಿರೂ ಸಲೀಸಾಗಿ ಇಂಗ್ಲಿಷ್ ಮಾತಾಡುವುದನ್ನು ನಾನೇ ಕೇಳಿದ್ದೇನೆ. ಆದರೆ 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ. ಅವರಲ್ಲಿ ತೋಟದ ಕೂಲಿಯವರ ಲೈನ್ ಮನೆಯಲ್ಲಿರುವವರು ಎಷ್ಟು, ಬುಡಕಟ್ಟಿನವರ ಹಾಡಿಯಲ್ಲಿರುವವರು ಎಷ್ಟು, ನಿಮ್ಮ ಅಪ್ಪನ ಹಾಗೆ ಎರಡು ಎಕರೆ ನಂಬಿಕೊಂಡವರು ಎಷ್ಟು? ಸರ್ಕಾರಿ ಹೈಸ್ಕೂಲಿಗೆ ಬರುವುದು ಆ ಮನೆಗಳ ಮಕ್ಕಳು.

ಕೊಡಗಿನ ಒಂದು ಎಂಟನೇ ತರಗತಿಗೆ ಹೋಗಿ ‘ಮನೆಯಲ್ಲಿ ಯಾವ ಭಾಷೆ?’ ಅಂತ ಕೇಳಿ ನೋಡಿ. ಒಬ್ಬನದು ಕೊಡವ ತಕ್ಕ್, ಪಕ್ಕದವಳದು ಅರೆಭಾಷೆ. ಹಿಂದಿನ ಬೆಂಚಿನಲ್ಲಿ ಮಲಯಾಳ, ಬ್ಯಾರಿ, ತುಳು, ಯರವ, ಕುರುಬ ಭಾಷೆಗಳು. ಈಚೆಗೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಎಷ್ಟೋ ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆ. ಇಂಗ್ಲಿಷ್ ಅವರ ಪಾಲಿಗೆ ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ.

ನಮ್ಮ ರಾಜ್ಯದಲ್ಲಿ ಮೊದಲು ಐದನೇ ತರಗತಿಯಿಂದ ಇಂಗ್ಲಿಷ್ ಇತ್ತು. 2007ರಿಂದ ಒಂದನೇ ತರಗತಿಯಿಂದಲೇ ಶುರು ಮಾಡಿದರು. ನಿಮ್ಮ ಓರಗೆಯವರು ಅದರ ಮೊದಲ ವರ್ಷಗಳ ಮಕ್ಕಳೇ ಇರಬೇಕು. ಅಂದರೆ ಎಂಟನೇ ತರಗತಿಗೆ ಬರುವಷ್ಟರಲ್ಲಿ ಮಗು ಏಳು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದಿರುತ್ತದೆ. ಆದರೂ ಜೂನ್ ತಿಂಗಳಲ್ಲಿ ಒಂದು ಪ್ಯಾರಾ ಓದಲು ಹೇಳಿದರೆ ಅರ್ಧ ತರಗತಿ ತಲೆ ತಗ್ಗಿಸುತ್ತದೆ. ಆ ತಲೆ ತಗ್ಗಿಸುವಿಕೆ ನಿಮಗೆ ಗೊತ್ತು. ನೀವೂ ಆ ಬೆಂಚಿನಲ್ಲಿ ಕೂತಿದ್ದವರು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ತರಗತಿಯಲ್ಲಿ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಹೇಗೆ ಅಂತ ಒಂದು ಉದಾಹರಣೆ ಕೊಡುತ್ತೇನೆ.

‘ನನಗೆ ಹಸಿವಾಗಿದೆ’ ಅಂತ ಕನ್ನಡದಲ್ಲಿ ಹೇಳುತ್ತೇವೆ. ಮಗು ಅದನ್ನೇ ಇಂಗ್ಲಿಷಿಗೆ ತಂದು ‘ಮೀ ಹಂಗ್ರಿ’ ಅಂತ ಬರೆಯುತ್ತದೆ. ‘ನನಗೆ’ ಅನ್ನುವುದು ‘ಮೀ’ ತಾನೇ, ಮಗುವಿನ ತರ್ಕ ಸರಿಯಾಗೇ ಇದೆ. ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಅನ್ನುವುದು ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಆಗುತ್ತದೆ. ‘ಎ’, ‘ದ’ ಎಲ್ಲಿ ಹಾಕಬೇಕು ಅಂತ ಗೊತ್ತಾಗುವುದಿಲ್ಲ, ಯಾಕೆಂದರೆ ಕನ್ನಡದಲ್ಲಿ ಅವು ಇಲ್ಲವೇ ಇಲ್ಲ. ಕ್ರಿಯಾಪದ ನಮ್ಮಲ್ಲಿ ಕೊನೆಗೆ ಬರುತ್ತದೆ, ಅಲ್ಲಿ ನಡುವೆ. ‘ಮನೆಯಲ್ಲಿ’ ಅನ್ನುವಾಗ ‘ಅಲ್ಲಿ’ ಹಿಂದಿನಿಂದ ಅಂಟುತ್ತದೆ, ಇಂಗ್ಲಿಷಿನಲ್ಲಿ ‘ಇನ್’ ಮುಂದೆ ಹೋಗಿ ಕೂರುತ್ತದೆ. ಮನೆಯಲ್ಲೇ ಇಂಗ್ಲಿಷ್ ಮಾತಾಡಿ ಬೆಳೆದ ಟೀಚರಿಗೆ ‘ಮೀ ಹಂಗ್ರಿ’ ಎಲ್ಲಿಂದ ಬಂತು ಅಂತ ಹೊಳೆಯುವುದು ಕಷ್ಟ. ತಪ್ಪು ಅಂತ ಕೆಂಪು ಗೀಟು ಎಳೆದು ಮುಂದೆ ಹೋಗುತ್ತಾರೆ. ನಿಮಗೆ ಅದರ ಬೇರು ಕಾಣುತ್ತದೆ. ಎರಡು ವಾಕ್ಯವನ್ನೂ ಬೋರ್ಡ್ ಮೇಲೆ ಅಕ್ಕಪಕ್ಕ ಬರೆದು ‘ನೋಡಿ, ಕನ್ನಡ ಹೀಗೆ ಹೋಗುತ್ತೆ, ಇಂಗ್ಲಿಷ್ ಹೀಗೆ ಹೋಗುತ್ತೆ’ ಅಂತ ತೋರಿಸಬಲ್ಲಿರಿ. ಆ ಹತ್ತು ನಿಮಿಷ ಎಷ್ಟು ಬೆಲೆಬಾಳುತ್ತದೆ ಅನ್ನುವುದನ್ನು ತರಗತಿಯಲ್ಲಿ ನಿಂತು ನೋಡಿದವರೇ ಬಲ್ಲರು.

ಹಾಗಂತ ಈಗ ಇರುವ ಇಂಗ್ಲಿಷೇ ಸಾಕು ಅಂತ ನಾನು ಹೇಳುವುದಿಲ್ಲ. ನೀವು ಬೋರ್ಡ್ ಮೇಲೆ ಬರೆದ ತಪ್ಪು ಕಾಗುಣಿತ ನಲವತ್ತು ನೋಟ್‌ಬುಕ್ಕಿಗೆ ಹೋಗುತ್ತದೆ. ನಾನೇ ಮೊದಲ ನಾಲ್ಕು ವರ್ಷ ‘ಡಿಸ್ಕಸ್ ಅಬೌಟ್’ ಅಂತ ಕಲಿಸಿದ್ದೆ. ‘ಡಿಸ್ಕಸ್’ ಮುಂದೆ ‘ಅಬೌಟ್’ ಬೇಡ ಅಂತ ಒಬ್ಬ ಹಿರಿಯ ಸಹೋದ್ಯೋಗಿ ಮೆಲ್ಲಗೆ ಹೇಳಿದಾಗ ಆ ನಾಲ್ಕು ವರ್ಷದ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಅವತ್ತಿನಿಂದ ನಿಘಂಟು ನೋಡದೆ ಪಾಠಕ್ಕೆ ಹೋಗಿದ್ದಿಲ್ಲ. ಬರವಣಿಗೆ ಮತ್ತು ವ್ಯಾಕರಣದಲ್ಲಿ ನಿಮಗೆ ನೀವೇ ರಿಯಾಯಿತಿ ಕೊಟ್ಟುಕೊಳ್ಳಬೇಡಿ.

ಮಾತಿನದು ಬೇರೆ ವಿಷಯ. ನಾಲಿಗೆ ತಡವರಿಸುವುದಕ್ಕೆ ಕಾರಣ ಸರಳ. ನೀವು ಇಂಗ್ಲಿಷನ್ನು ಕಣ್ಣಿನಿಂದ ಕಲಿತಿದ್ದೀರಿ, ಬಾಯಿಗೆ ಅಭ್ಯಾಸವೇ ಆಗಿಲ್ಲ. ಹದಿನೈದು ವರ್ಷದಲ್ಲಿ ನೀವು ಜೋರಾಗಿ ಇಂಗ್ಲಿಷ್ ಮಾತಾಡಿದ್ದು ಒಟ್ಟು ಎಷ್ಟು ಗಂಟೆ ಅಂತ ಲೆಕ್ಕ ಹಾಕಿ. ಒಂದು ದಿನವೂ ತುಂಬಲಿಕ್ಕಿಲ್ಲ. ತರಗತಿ ನಡೆಸಲು ಬೇಕಾದ ಮಾತು ಎಲ್ಲ ಸೇರಿ ಒಂದಿನ್ನೂರು ವಾಕ್ಯ ಇರಬಹುದು: ಪುಸ್ತಕ ತೆಗೆಯಿರಿ, ಪಕ್ಕದವರಿಗೆ ಓದಿ ಹೇಳಿ, ಈ ಪದದ ಬದಲು ಯಾವುದು ಬರುತ್ತೆ, ಇನ್ನೊಮ್ಮೆ ಪ್ರಯತ್ನ ಮಾಡು, ಯಾಕೆ ಹಾಗನ್ನಿಸಿತು. ಇವನ್ನು ಬರೆದಿಟ್ಟುಕೊಂಡು ದಿನಾ ಅರ್ಧ ಗಂಟೆ ಜೋರಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ವಾರ ನಿಮ್ಮ ದನಿ ನಿಮಗೇ ಮುಜುಗರ ತರುತ್ತದೆ. ನಿಲ್ಲಿಸಬೇಡಿ. ಆರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಉಚ್ಚಾರಣೆ ಬಗ್ಗೆ ಒಂದು ಮಾತು. ಇಂಗ್ಲೆಂಡಿನವರ ಹಾಗೆ ಮಾತಾಡಬೇಕಿಲ್ಲ, ಯಾರೂ ಕೇಳುವುದೂ ಇಲ್ಲ. ಅರ್ಥ ಕೆಡಿಸುವ ತಪ್ಪು ಬಂದರೆ ಮಾತ್ರ ತಲೆ ಕೆಡಿಸಿಕೊಳ್ಳಿ. ‘ಫ್ಯಾನ್’ ಹೋಗಿ ‘ಪ್ಯಾನ್’ ಆಗಬಾರದು. ‘ಸ್ಕೂಲ್’ ಶುರುವಿನಲ್ಲಿ ‘ಇ’ ಸೇರಿ ‘ಇಸ್ಕೂಲ್’ ಆಗಬಾರದು. ಇಂಥ ಹತ್ತು ಹದಿನೈದು ಜಾಗ ಇವೆ, ತಿದ್ದಿಕೊಳ್ಳುವುದು ಅಂಥ ಕಷ್ಟವಲ್ಲ. ಸರ್ಕಾರಿ ಕೆಲಸ ಸಿಕ್ಕ ಮೇಲೆ ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ 30 ದಿನದ ತರಬೇತಿಗೆ ಹೆಸರು ಕೊಡಿ. 1963ರಿಂದ ಇರುವ ಸಂಸ್ಥೆ ಅದು. ನಮ್ಮಂಥವರಿಗೆ ಇಂಗ್ಲಿಷ್ ಕಲಿಸುವುದನ್ನು ಕಲಿಸಲೆಂದೇ ಕಟ್ಟಿದ್ದು. ಅಲ್ಲಿಗೆ ಬರುವ ಶಿಕ್ಷಕರಲ್ಲಿ ಎಷ್ಟೋ ಜನ ನಿಮ್ಮ ಹಾಗೆ ಹಳ್ಳಿ ಶಾಲೆಯಿಂದ ಬಂದವರು.

ಇನ್ನು ಕೆಲಸ ಹೇಗಿರುತ್ತದೆ ಅಂತ ಕೇಳಿಲ್ಲ ನೀವು. ಆದರೂ ಹೇಳಬೇಕು, ಯಾಕೆಂದರೆ ಜನ ಕೆಲಸ ಬಿಡುವುದು ಇಂಗ್ಲಿಷ್ ಬಾರದ್ದಕ್ಕಿಂತ ಜಾಸ್ತಿ ಈ ಕಾರಣಗಳಿಗೇ.

ನನ್ನ ಮೊದಲ ಸರ್ಕಾರಿ ಶಾಲೆಗೆ ಶೀಟಿನ ಮಾಡು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹೊಡೆದರೆ ನನ್ನ ದನಿ ಎರಡನೇ ಬೆಂಚಿಗೂ ಮುಟ್ಟುತ್ತಿರಲಿಲ್ಲ. ಪುಸ್ತಕದಲ್ಲಿ ‘ಆಲಿಸಿ ಉತ್ತರಿಸಿ’ ಅಂತ ಇರುತ್ತದೆ, ಮಕ್ಕಳಿಗೆ ಕೇಳಿಸುವುದು ಶೀಟಿನ ಸದ್ದು ಮಾತ್ರ. ಮೊದಲ ವರ್ಷ ಕಿರುಚಿ ಕಿರುಚಿ ಗಂಟಲು ಕಟ್ಟಿತು. ಎರಡನೇ ವರ್ಷ ಮಳೆಗಾಲದ ಪಾಠವನ್ನೇ ಬದಲಾಯಿಸಿದೆ. ಮಳೆ ಜೋರಾದರೆ ಇಬ್ಬಿಬ್ಬರು ತಲೆಗೆ ತಲೆ ತಾಗಿಸಿ ಕೂತು ಒಬ್ಬರಿಗೊಬ್ಬರು ಓದುವುದು, ಅರ್ಥವಾಗದ ಪದವನ್ನು ಚೀಟಿಯಲ್ಲಿ ಬರೆದು ನನಗೆ ಕೊಡುವುದು, ನಾನು ಬೋರ್ಡ್ ಮೇಲೆ ಉತ್ತರ ಬರೆಯುವುದು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯರು ಗೆಳತಿಯ ಕಿವಿಯಲ್ಲಿ ಇಂಗ್ಲಿಷ್ ಓದಿದ್ದು ಆಗಲೇ. ಅದಕ್ಕೆ ದಾರಿ ಮಾಡಿಕೊಟ್ಟದ್ದು ಆ ಮಳೆ.

ಆಮೇಲೆ ಮಳೆ ರಜೆ. ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ಪಾಠ ಹಿಂದೆ ಬೀಳುತ್ತದೆ, ರಜಾ ದಿನಗಳಲ್ಲಿ ತರಗತಿ ತಗೊಂಡು ಸರಿದೂಗಿಸಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗಲಂತೂ ಪಠ್ಯ ಹಿಂದೆ ಬಿತ್ತು ಅನ್ನೋದು ಚಿಕ್ಕ ಮಾತು, ಮನೆಯೇ ಇಲ್ಲದ ಮಕ್ಕಳು ವಾಪಸ್ ಬಂದರು. ಮಳೆಗಾಲ ಮುಗಿದರೆ ಕಾಫಿ ಕುಯಿಲು. ಡಿಸೆಂಬರಿನಿಂದ ಶುರುವಾದರೆ ರೋಬಸ್ಟಾ ಮುಗಿಯುವಾಗ ಫೆಬ್ರವರಿ, ಮಾರ್ಚ್. ಆಗಲೇ ಎಸ್ಸೆಸ್ಸೆಲ್ಸಿ ತಯಾರಿ. ತಾಯಿ ತಂದೆ ತೋಟಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳಲು ಹತ್ತನೇ ತರಗತಿಯ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ನೀವು ಲೈನ್ ಮನೆಯ ಬಾಗಿಲಿಗೆ ಹೋಗಿ ಮಾತಾಡಬೇಕಾಗುತ್ತದೆ. ಕಾಡಂಚಿನ ಊರುಗಳಲ್ಲಿ, ತಿತಿಮತಿ, ಮಾಲ್ದಾರೆ ಕಡೆ, ಆನೆ ರಸ್ತೆಯಲ್ಲಿದ್ದರೆ ಮಕ್ಕಳೂ ಇಲ್ಲ, ನೀವೂ ಇಲ್ಲ.

ತಿದ್ದುವ ಕೆಲಸವನ್ನು ಹೊಸಬರು ಯಾರೂ ಸರಿಯಾಗಿ ಅಂದಾಜು ಮಾಡುವುದಿಲ್ಲ. ಮೂರು ತರಗತಿ, ತಲಾ ನಲವತ್ತು ಮಕ್ಕಳು ಅಂದರೂ 120 ನೋಟ್‌ಬುಕ್. ಗಣಿತದಲ್ಲಿ ಉತ್ತರ ಸರಿಯೋ ತಪ್ಪೋ ಬೇಗ ಗೊತ್ತಾಗುತ್ತದೆ. ಇಂಗ್ಲಿಷ್ ಪ್ರಬಂಧದಲ್ಲಿ ಪ್ರತಿ ಸಾಲಿಗೂ ನಿಲ್ಲಬೇಕು. ಇದರ ಮೇಲೆ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಪರೀಕ್ಷೆ (ಪಾಠದ ನಡುವೆ ನಡೆಸುವ ಸಣ್ಣ ಪರೀಕ್ಷೆ), ಅವುಗಳ ದಾಖಲೆ, ಆನ್‌ಲೈನ್ ಮಾಹಿತಿ ತುಂಬುವುದು, ಚುನಾವಣೆ ಬಂದರೆ ಆ ಕೆಲಸ. ಕನ್ನಡ ಮಾಧ್ಯಮದಲ್ಲಿ ಇಂಗ್ಲಿಷ್ ಎರಡನೇ ಭಾಷೆ. ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕದ ಬರವಣಿಗೆ, 20 ಆಂತರಿಕ ಅಂಕ. ಫಲಿತಾಂಶ ಕಡಿಮೆಯಾದರೆ ಮೊದಲು ಕರೆದು ಕೇಳುವುದು ಗಣಿತ ಮತ್ತು ಇಂಗ್ಲಿಷ್ ಟೀಚರನ್ನೇ. ಆ ಒತ್ತಡಕ್ಕೆ ಬಹಳ ಜನ ಗೈಡ್ ಹಿಡಿದು ಪ್ರಬಂಧ, ಪತ್ರ ಎಲ್ಲ ಬಾಯಿಪಾಠ ಮಾಡಿಸುತ್ತಾರೆ. ನಾನೂ ಮಾರ್ಚ್ ತಿಂಗಳಲ್ಲಿ ಮಾಡಿಸಿದ್ದೇನೆ. ಮಗು ಪಾಸಾಗುವುದೂ ಮುಖ್ಯ, ಅದು ಅವರ ಮುಂದಿನ ಬದುಕು. ಆದರೆ ಜೂನ್‌ನಿಂದಲೇ ಬಾಯಿಪಾಠ ಶುರು ಮಾಡಿದರೆ ನಿಮಗೂ ಬೇಸರ, ಮಕ್ಕಳಿಗೂ ಬೇಸರ. ಎರಡರ ನಡುವೆ ಎಲ್ಲಿ ಗೆರೆ ಎಳೆಯಬೇಕು ಅನ್ನೋದನ್ನು ಪ್ರತಿ ವರ್ಷ ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ.

ಇಷ್ಟೆಲ್ಲ ಇದ್ದೂ ನಾನು ಯಾಕೆ ಬಿಡಲಿಲ್ಲ? ಒಂದು ನೋಟ್‌ಬುಕ್ಕಿನ ವಿಷಯ ಹೇಳುತ್ತೇನೆ. ಹಾಡಿಯಿಂದ ಬರುತ್ತಿದ್ದ ಒಬ್ಬ ಹುಡುಗ ಒಂಬತ್ತನೇ ತರಗತಿಯ ಅರ್ಧ ವರ್ಷ ಖಾಲಿ ಪುಟ ಕೊಡುತ್ತಿದ್ದ. ಒಂದು ದಿನ ‘ನಿನ್ನೆ ಏನಾಯಿತು, ನಿನಗೆ ಬಂದ ಹಾಗೆ ಬರಿ’ ಅಂದೆ. ಅವನು ಬರೆದದ್ದು: ‘ಯೆಸ್ಟರ್‌ಡೇ ನೈಟ್ ಎಲಿಫೆಂಟ್ ಕಮ್. ಅವರ್ ಬನಾನಾ ಗೋ. ಮದರ್ ಕ್ರೈ. ಐ ನಾಟ್ ಕ್ರೈ.’ ಕೆಂಪು ಪೆನ್ನು ಕೈಯಲ್ಲಿತ್ತು. ನಾಲ್ಕು ವಾಕ್ಯ, ನಾಲ್ಕರಲ್ಲೂ ಕ್ರಿಯಾಪದ ತಪ್ಪು. ಪೆನ್ನು ಕೆಳಗಿಟ್ಟೆ. ಅವನಿಗೆ ಹೇಳಬೇಕಾದದ್ದು ಇತ್ತು, ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದ, ನನಗೆ ಪೂರ್ತಿ ಅರ್ಥವಾಗಿತ್ತು. ಪುಟದ ಕೆಳಗೆ ಇಂಗ್ಲಿಷಿನಲ್ಲೇ ಒಂದು ಪ್ರಶ್ನೆ ಬರೆದೆ: ಆಮೇಲೆ ನೀನು ಏನು ಮಾಡಿದೆ? ಮಾರನೆ ದಿನ ಆರು ಸಾಲು ಬಂತು. ‘ಕಮ್’ ಯಾವಾಗ ‘ಕೇಮ್’ ಆಗುತ್ತದೆ ಅನ್ನುವುದನ್ನು ಇಡೀ ತರಗತಿಗೆ ಆ ಆನೆಯನ್ನಿಟ್ಟುಕೊಂಡೇ ಕಲಿಸಿದೆ. ಆ ಹುಡುಗ ಇವತ್ತು ಅರಣ್ಯ ನೋಡಲು ಬರುವ ಹೊರಗಿನವರಿಗೆ ಇಂಗ್ಲಿಷಿನಲ್ಲಿ ಕಾಡು ತೋರಿಸುತ್ತಾನೆ. ದಾರಿಯಲ್ಲಿ ಸಿಕ್ಕರೆ ‘ಮಿಸ್’ ಅಂತ ನಿಲ್ಲುತ್ತಾನೆ. ಅವತ್ತು ನಾನು ಪೆನ್ನು ಓಡಿಸಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಯೋಚಿಸುತ್ತೇನೆ.

ಈಗ ದುಡ್ಡಿನ ಮಾತು. ಬಿ.ಎಡ್.ಗೆ ಪದವಿಯಲ್ಲಿ 50% ಬೇಕು, ನಿಮಗಿದೆ. 2015ರಿಂದ ಅದು ಎರಡು ವರ್ಷದ ಕೋರ್ಸ್. ಎರಡನೇ ವರ್ಷದಲ್ಲಿ 16 ವಾರ ಶಾಲೆಯಲ್ಲಿ ನಿಂತು ಪಾಠ ಮಾಡಬೇಕು, ಕೋರ್ಸಿನ ಜೀವ ಇರುವುದೇ ಅಲ್ಲಿ. ಸರ್ಕಾರಿ ಕೋಟಾದ ಸೀಟಿಗೇ ಪ್ರಯತ್ನಿಸಿ. ಆಡಳಿತ ಮಂಡಳಿ ಸೀಟಿಗೆ ಅಪ್ಪನ ತೋಟದ ಮೇಲೆ ಸಾಲ ಮಾಡಿಸಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ‘ಹಾಜರಾಗದಿದ್ದರೂ ಪರವಾಗಿಲ್ಲ, ಪರೀಕ್ಷೆಗೆ ಬನ್ನಿ’ ಅನ್ನುವ ಕಾಲೇಜಿನ ಕಡೆ ತಲೆ ಹಾಕಬೇಡಿ. ಎನ್‌ಸಿಟಿಇ (ಶಿಕ್ಷಕರ ತರಬೇತಿ ಕಾಲೇಜುಗಳನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿ) ಮಾನ್ಯತೆ ಇದೆಯಾ ಅಂತ ಮೊದಲು ನೋಡಿ.

ಬಿ.ಎಡ್. ಆದ ತಕ್ಷಣ ಸರ್ಕಾರಿ ಕೆಲಸ ಸಿಗುತ್ತದೆ ಅನ್ನುವುದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಹೈಸ್ಕೂಲು ಶಿಕ್ಷಕರ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ. ವರ್ಷಗಟ್ಟಲೆ ಅಂತರ ಬೀಳುತ್ತದೆ, ಅಧಿಸೂಚನೆ ಬಂದ ಮೇಲೂ ಕೋರ್ಟಿಗೆ ಹೋಗಿ ನಿಲ್ಲುವುದುಂಟು. ನೇಮಕಾತಿ ವಿಭಾಗದ ಲೆಕ್ಕದಲ್ಲಿ ನಡೆಯುತ್ತದೆ, ಕೊಡಗು ಮೈಸೂರು ವಿಭಾಗಕ್ಕೆ ಸೇರಿದ್ದು. ಕೆಲಸ ಸಿಕ್ಕಿದರೂ ಮೊದಲ ಶಾಲೆ ಮನೆಯಿಂದ ದೂರ ಇರಬಹುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿರಿ.

ಹಾಗಾಗಿ ಒಂದೇ ಬಾಗಿಲಿಗೆ ಕಾಯಬೇಡಿ. ಬಿ.ಎಡ್. ಓದುವಾಗಲೇ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ ಬರೆಯಿರಿ. 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕರ ಹುದ್ದೆಗೆ ಅದು ಬೇಕು. 150 ಅಂಕಕ್ಕೆ ಸಾಮಾನ್ಯ ವರ್ಗದವರಿಗೆ 90 ಬಂದರೆ ಪಾಸ್. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. 2022ರಲ್ಲಿ ಇಂಥ 15,000 ಹುದ್ದೆಗೆ ಅರ್ಜಿ ಕರೆದಾಗ ಟಿಇಟಿ ಇಲ್ಲದವರು ಸುಮ್ನೆ ನೋಡುತ್ತಾ ಕೂರಬೇಕಾಯಿತು. ಗಾಳಿಬೀಡಿನಲ್ಲಿ ಇರುವಂಥ ನವೋದಯ ಶಾಲೆಗಳಿಗೆ ಹೋಗುವ ಮನಸ್ಸಿದ್ದರೆ ಕೇಂದ್ರದ ಸಿಟಿಇಟಿ ಬರೆಯಬೇಕು. ದೇಶದ ಯಾವ ಮೂಲೆಗೂ ಹಾಕಬಹುದು, ಹಾಸ್ಟೆಲ್ ಜವಾಬ್ದಾರಿಯೂ ಇರುತ್ತದೆ. ಆದರೆ ಸಂಬಳ ಚೆನ್ನಾಗಿದೆ.

ಅಲ್ಲಿಯವರೆಗೆ ಇರುವುದು ಅತಿಥಿ ಶಿಕ್ಷಕರ ಕೆಲಸ ಅಥವಾ ಖಾಸಗಿ ಶಾಲೆ. ಅತಿಥಿ ಶಿಕ್ಷಕರಿಗೆ ಗೌರವಧನ ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಆಸುಪಾಸು. ಕೆಲವು ಸಲ ತಿಂಗಳುಗಟ್ಟಲೆ ತಡವಾಗುತ್ತದೆ, ಬೇಸಿಗೆ ರಜೆಯಲ್ಲಿ ಏನೂ ಇಲ್ಲ. ಸಣ್ಣ ಖಾಸಗಿ ಶಾಲೆಯ ಸಂಬಳ ಆ ಅಂಗಡಿಯ ಲೆಕ್ಕ ಬರೆಯುವ ಕೆಲಸಕ್ಕಿಂತ ಜಾಸ್ತಿ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ನಾನು ಮೊದಲು ಸೇರಿದ ಖಾಸಗಿ ಶಾಲೆಯಲ್ಲಿ ಏಪ್ರಿಲ್, ಮೇ ಸಂಬಳ ಕೊಡಲಿಲ್ಲ. ಕೇಳಿದ್ದಕ್ಕೆ ‘ರಜೆಯಲ್ಲಿ ಪಾಠ ಎಲ್ಲಿ ಮಾಡಿದಿರಿ?’ ಅಂದರು. ಕಾಗದದಲ್ಲಿ ಏನೂ ಬರೆಸಿಕೊಂಡಿರಲಿಲ್ಲ, ಬಾಯಿ ಮುಚ್ಚಿಕೊಂಡು ಬಂದೆ. ನೀವು ಸೇರುವ ದಿನವೇ ಹನ್ನೆರಡು ತಿಂಗಳ ಸಂಬಳವಾ, ಪಿಎಫ್ ಇದೆಯಾ ಅಂತ ಕೇಳಿ, ಬರಹದಲ್ಲಿ ತಗೊಳ್ಳಿ. ಮೂಲ ಅಂಕಪಟ್ಟಿಗಳನ್ನು ಯಾರ ಕೈಯಲ್ಲೂ ಬಿಡಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಅಂಗಡಿ ಕೆಲಸವನ್ನು ಬೇಡ ಅನ್ನುತ್ತಿರಲಿಲ್ಲ. ಬಿ.ಎಡ್. ಪ್ರವೇಶ ಶುರುವಾಗುವವರೆಗೆ ಮಾಡಿ, ಫೀಸಿಗೆ ಕೂಡಿಡಿ. ಅದರ ನಡುವೆ ನೀವು ಓದಿದ ಹೈಸ್ಕೂಲಿಗೆ ಹೋಗಿ, ನಿಮ್ಮ ಹಳೆ ಇಂಗ್ಲಿಷ್ ಟೀಚರನ್ನು ಕೇಳಿ ಎರಡು ವಾರ ಹಿಂದಿನ ಬೆಂಚಿನಲ್ಲಿ ಕೂರಿ. ಒಂದು ಪಾಠ ನೀವೇ ಮಾಡಿ. ಮಧ್ಯಾಹ್ನ ಊಟದ ಗಲಾಟೆ ಮುಗಿದು ನಿದ್ದೆಗಣ್ಣಿನಲ್ಲಿ ಕೂತ ತರಗತಿಗೇ ಪಾಠ ಮಾಡಿ, ಬೆಳಗಿನ ಮೊದಲ ಪೀರಿಯಡ್ ಬೇಡ. ಸಾಯಂಕಾಲ ಸುಸ್ತಾಗಿ ಬಸ್ಸು ಹತ್ತಿದಾಗ ಆ ಪಾಠವನ್ನು ಬೇರೆ ಹೇಗೆ ಮಾಡಬಹುದಿತ್ತು ಅಂತ ಯೋಚನೆ ಬಂದರೆ ಬಿ.ಎಡ್.ಗೆ ಅರ್ಜಿ ಹಾಕಿ. ಬರೀ ಸುಸ್ತೇ ಉಳಿದರೆ ಅದೂ ಒಂದು ಉತ್ತರವೇ. ಎರಡು ವರ್ಷ ಕಳೆದ ಮೇಲೆ ಗೊತ್ತಾಗುವುದಕ್ಕಿಂತ ಎರಡು ವಾರದಲ್ಲಿ ಗೊತ್ತಾದರೆ ಒಳ್ಳೆಯದು ಅಲ್ವಾ? ಅಪ್ಪನ ಹತ್ತಿರ ಮಾತಾಡುವುದಾದರೆ ಈ ಎಲ್ಲ ಲೆಕ್ಕ ಕಾಗದದ ಮೇಲೆ ಬರೆದು ತೋರಿಸಿ. ಕಾಫಿ ಬೆಳೆಗಾರರಿಗೆ ಇಳುವರಿ ಬರಲು ವರ್ಷಗಳು ಹಿಡಿಯುತ್ತವೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಸಂದರ್ಶನದ ಪ್ರಶ್ನೆ. ಹೇಳಿ, ಮುಚ್ಚಿಡಬೇಡಿ. ನಿಮ್ಮ ಅಂಕಪಟ್ಟಿಯಲ್ಲಿ ಹೇಗೂ ಇರುತ್ತದೆ. ಅವರು ಕೇಳುವ ಮೊದಲೇ ನೀವೇ ಹೇಳಿದರೆ ಇನ್ನೂ ಒಳ್ಳೆಯದು. ‘ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು, ಒಂದು ಮಗು ಮೀ ಹಂಗ್ರಿ ಅಂತ ಬರೆದರೆ ಯಾಕೆ ಬರೆಯಿತು ಅಂತ ನನಗೆ ಗೊತ್ತು’ ಅನ್ನಿ. ಬೋರ್ಡ್ ಇದ್ದರೆ ಎದ್ದು ಹೋಗಿ ಬರೆದು ತೋರಿಸಿ. ಮಾತು ಒಂದೆರಡು ಕಡೆ ತಡವರಿಸಿದರೂ ಬರೆಯುತ್ತಾ ಹೋಗಿ.